ಹಸುವಿಗೆ ಕರು, ಕಲ್ಲಿಗೆ ಪ್ರತಿ

ಅಪ್ಪ ಶಿಲುಬೆಯನ್ನು ನೋಡಿದ ರೀತಿಯೇ ಬೇರೆ. ಸುತ್ತ ನಿಂತವರೆಲ್ಲ ಮೊಬೈಲ್ ಎತ್ತಿ ಹಿಡಿದು ಫೋಟೊ ತೆಗೆಯುತ್ತಿದ್ದರೆ, ಅವರು ನೇರವಾಗಿ ಬುಡಕ್ಕೆ ಹೋಗಿ, ಉಣ್ಣೆಯ ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರು ತಟ್ಟಿ ನೋಡುವ ಹಾಗೆ. ಆಮೇಲೆ ನನ್ನತ್ತ ತಿರುಗಿ, "ಇದು ಕಲ್ಲಲ್ಲ ಕಣಮ್ಮ, ಕಾಂಕ್ರೀಟು" ಎಂದರು.

ನನಗೆ ಸಿಟ್ಟು ಬಂತು. ಅದು ಅಪ್ಪನ ಮೇಲೋ ಶಿಲುಬೆಯ ಮೇಲೋ ಆಗ ಗೊತ್ತಾಗಲಿಲ್ಲ. ಹಿಂದಿನ ದಿನ ಗ್ಲಾಸ್ಗೋದಲ್ಲಿ ರೈಲು ಹತ್ತಿ ಮೂರು ಗಂಟೆ ಕೂತು ಓಬನ್ ತಲುಪಿ, ಅಲ್ಲಿಂದ ಹಡಗಿನಲ್ಲಿ ಮಲ್ ದ್ವೀಪಕ್ಕೆ ದಾಟಿ, ಒಂದೇ ವಾಹನ ಹಿಡಿಯುವಷ್ಟು ಅಗಲದ ರಸ್ತೆಯಲ್ಲಿ ಎದುರಿನ ಕಾರುಗಳಿಗೂ ಕುರಿಗಳಿಗೂ ದಾರಿ ಬಿಟ್ಟುಕೊಡುತ್ತ ಸಾಗುವ ಬಸ್ಸಿನಲ್ಲಿ ಆ ದ್ವೀಪವನ್ನು ಉದ್ದಕ್ಕೆ ಹಾದು, ಫಿನ್ನಫೋರ್ಟ್ ಎಂಬ ತುದಿಯಲ್ಲಿ ಇಳಿದು, ಮತ್ತೆ ಹತ್ತು ನಿಮಿಷದ ದೋಣಿ ಹಿಡಿದು ಬಂದಿದ್ದೆವು. ಇಷ್ಟಾದ ಮೇಲೆ ಸಿಗುವುದು ಅಯೋನಾ. ಸ್ಕಾಟ್ಲೆಂಡಿನ ಪಶ್ಚಿಮದ ಕಡಲಿನಲ್ಲಿ ಹೆಚ್ಚುಕಡಿಮೆ ಐದು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲದ ಒಂದು ತುಣುಕು ನೆಲ. ಅಪ್ಪ ಊರಿನಿಂದ ಬಂದ ದಿನದಿಂದಲೂ "1200 ವರ್ಷ ಹಳೆಯ ಕೆತ್ತನೆ ಕಲ್ಲು ತೋರಿಸುತ್ತೇನೆ" ಎಂದು ಆಸೆ ಹುಟ್ಟಿಸಿದವಳು ನಾನೇ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಸೇತುವೆ, ಮೋರಿ, ಶಾಲಾ ಕಟ್ಟಡ ಎಂದು ಸಿಮೆಂಟಿನ ಜೊತೆಗೇ ಬಾಳಿ ನಿವೃತ್ತರಾದ ಮನುಷ್ಯನನ್ನು ಇಷ್ಟು ದೂರ ಕರೆತಂದು, ಕಡೆಗೆ ತೋರಿಸಿದ್ದೂ ಸಿಮೆಂಟನ್ನೇ.

ಪಕ್ಕದಲ್ಲಿ ಫಲಕವಿತ್ತು, ಅದರಲ್ಲಿ ಎಲ್ಲ ಬರೆದೂ ಇತ್ತು. ಫೋಟೊ ತೆಗೆಯುವ ಅವಸರದಲ್ಲಿ ನಾನು ಓದಿರಲಿಲ್ಲ. ಸಂತ ಜಾನನ ಹೆಸರಿನ ಶಿಲುಬೆ ಎಂಟನೇ ಶತಮಾನದ್ದು ಹೌದು. ಆದರೆ ಇಲ್ಲಿ ಗಾಳಿಮಳೆಗೆ ಮೈಯೊಡ್ಡಿ ನಿಂತಿರುವುದು 1970ರಲ್ಲಿ ತಂದು ನಿಲ್ಲಿಸಿದ ಕಾಂಕ್ರೀಟಿನ ಪ್ರತಿಕೃತಿ. ಮೂಲ ಶಿಲುಬೆ ಮಠದ ಹಿಂಬದಿಯ ವಸ್ತುಸಂಗ್ರಹಾಲಯದಲ್ಲಿದೆ.

"ಹಾಗಾದರೆ ಒಳಗಿರುವುದನ್ನೇ ನೋಡೋಣ ನಡಿ" ಎಂದರು ಅಪ್ಪ. ಅವರಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಇನ್ನೊಂದು ಸಲ ತಟ್ಟಿ, "ಎರಕ ಚೆನ್ನಾಗಿದೆ, ಜೇನುಗೂಡು ಬಿದ್ದಿಲ್ಲ" ಎಂದೂ ಸೇರಿಸಿದರು. ಸರಿಯಾಗಿ ಕುಟ್ಟಿ ತುಂಬದ ಕಾಂಕ್ರೀಟಿನಲ್ಲಿ ಉಳಿಯುವ ತೂತುಗಳಿಗೆ ಅವರ ಕಡೆಯ ಮಾತು ಅದು.

ಒಳಗಿನದನ್ನು ನೋಡಿದ ಮೇಲೆ ನನ್ನ ಸಿಟ್ಟು ಬೇರೆ ದಿಕ್ಕಿಗೆ ತಿರುಗಿತು. ಆ ಹಳೆಯ ಕಟ್ಟಡ ಒಂದು ಕಾಲಕ್ಕೆ ಮಠದ ರೋಗಿಗಳ ಮನೆಯಾಗಿತ್ತಂತೆ. ಈಗಲೂ ಅದು ಆಸ್ಪತ್ರೆಯೇ ಅನ್ನಿಸಿತು. ಅಲ್ಲಿ ಸಂತ ಜಾನನ ಶಿಲುಬೆ ತುಂಡು ತುಂಡಾಗಿ, ಉಕ್ಕಿನ ಚೌಕಟ್ಟಿನ ಆಸರೆಯಲ್ಲಿ ನಿಂತಿದೆ. ಮೂಳೆ ಮುರಿದವರನ್ನು ಸಲಾಕೆ ಹಾಕಿ ಕೂರಿಸುತ್ತಾರಲ್ಲ, ಹಾಗೆ. ಅದರ ಎರಡು ತೋಳುಗಳ ತುದಿಯಿಂದ ತುದಿಗೆ 2.17 ಮೀಟರ್. ಏಳಡಿಗೂ ಮಿಕ್ಕಿದ ಅಗಲ. ಆ ಕಾಲದ ಯಾವ ಶಿಲುಬೆಯೂ ಇಷ್ಟು ದೊಡ್ಡದಾಗಿ ಕೈ ಚಾಚಿಲ್ಲ.

ಇಷ್ಟು ದೊಡ್ಡದನ್ನು ಒಂದೇ ಬಂಡೆಯಲ್ಲಿ ಕಡೆಯುವುದು ಆಗದ ಮಾತು. ಆದ್ದರಿಂದ ಬೇರೆ ಬೇರೆ ತುಂಡುಗಳನ್ನು ಕಡೆದು ಕೂಡಿಸಿದರು. ಕೂಡಿಸಿದ ವಿಧಾನ ಕಲ್ಲುಕುಟಿಗರದ್ದಲ್ಲ, ಬಡಗಿಗಳದ್ದು. ಬಾಗಿಲ ಚೌಕಟ್ಟು ಮಾಡುವಾಗ ಒಂದು ಮರಕ್ಕೆ ನಾಲಿಗೆ ಬಿಟ್ಟು ಇನ್ನೊಂದರ ತೂತಿಗೆ ಇಳಿಸುವುದನ್ನು ಎಲ್ಲರೂ ನೋಡಿರುತ್ತೇವೆ. ಇಲ್ಲಿ ಕಲ್ಲಿಗೂ ಅದನ್ನೇ ಮಾಡಿದ್ದಾರೆ. ಬಹುಕಾಲ ಮರದ ಶಿಲುಬೆಗಳನ್ನೇ ಮಾಡಿದ್ದ ಕೈಗಳು ಕಲ್ಲಿಗೆ ಹೊರಳಿದಾಗ ಹಳೆಯ ಅಭ್ಯಾಸವನ್ನು ಜೊತೆಗೇ ತಂದವು. ಮರಕ್ಕೆ ಬಾಗುವ ಗುಣವಿದೆ, ಕಲ್ಲಿಗಿಲ್ಲ. ಆ ಮಹತ್ವಾಕಾಂಕ್ಷೆಯ ಶಿಲುಬೆ ನಿಂತ ಸ್ವಲ್ಪ ಕಾಲದಲ್ಲೇ ಬಿದ್ದಿರಬೇಕು ಎನ್ನುತ್ತಾರೆ ಪುರಾತತ್ವದವರು.

ಇಲ್ಲಿಂದ ಮುಂದಿನದೇ ನನ್ನನ್ನು ಆ ಕೋಣೆಯಲ್ಲಿ ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು. ಕೆಲ್ಟಿಕ್ ಶಿಲುಬೆ ಎಂದೊಡನೆ ಕಣ್ಣಿಗೆ ಬರುವುದು ಅದರ ವರ್ತುಲ: ಅಡ್ಡ ತೋಳು ಮತ್ತು ಕಂಬ ಸೇರುವ ಜಾಗದ ಸುತ್ತ ಬಳೆಯಂತೆ ಇರುವ ಕಲ್ಲಿನ ಉಂಗುರ. ಅದಕ್ಕೆ ಏನೆಲ್ಲ ಅರ್ಥ ಹಚ್ಚಿದ್ದಾರೆ! ಸೂರ್ಯ ಎಂದವರಿದ್ದಾರೆ, ಪ್ರಭಾವಳಿ ಎಂದವರಿದ್ದಾರೆ, ಕಾಲಚಕ್ರ ಎಂದವರೂ ಇದ್ದಾರೆ. ಆದರೆ ಇಲ್ಲಿ ಶಿಲುಬೆಯ ಕಲ್ಲಿಗೂ ವರ್ತುಲದ ಕಲ್ಲಿಗೂ ಜಾತಿಯೇ ಬೇರೆ. ಶಿಲುಬೆಯ ಕಲ್ಲು ದೂರದ ಕರಾವಳಿಯಿಂದ ಕಡಲ ಮೇಲೆ ಬಂದದ್ದು. ವರ್ತುಲದ ನಾಲ್ಕು ತುಂಡುಗಳು ಎದುರಿನ ಮಲ್ ದ್ವೀಪದ ಕಲ್ಲು. ಎಂದರೆ ವರ್ತುಲ ಮೊದಲ ನಕ್ಷೆಯಲ್ಲೇ ಇರಲಿಲ್ಲ. ಶಿಲುಬೆ ಬಿದ್ದ ಮೇಲೆ, ಚಾಚಿದ ತೋಳುಗಳು ಮತ್ತೆ ಕಳಚದಂತೆ ಹತ್ತಿರದಲ್ಲಿ ಸಿಕ್ಕ ಕಲ್ಲಿನಿಂದ ಕೊಟ್ಟ ಆಸರೆ ಅದು. ಈ ಬಗೆಯ ವರ್ತುಲದ ಶಿಲುಬೆಗಳಲ್ಲಿ ಇದೇ ಮೊದಲಿನದಿರಬಹುದು ಎಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಹಾಗಿದ್ದರೆ ಐರ್ಲೆಂಡಿನ ಮಠಗಳಲ್ಲಿ, ಆಮೇಲೆ 19ನೇ ಶತಮಾನದಲ್ಲಿ ಮತ್ತೆ ಜನಪ್ರಿಯವಾಗಿ ಜಗತ್ತಿನ ಎಷ್ಟೋ ಸ್ಮಶಾನಗಳಲ್ಲಿ, ಉಂಗುರದಲ್ಲಿ, ಪದಕದಲ್ಲಿ ಕಾಣುವ ಆ ಪವಿತ್ರ ವರ್ತುಲದ ಮೂಲ ಒಂದು ರಿಪೇರಿ ಕೆಲಸ.

ಅಪ್ಪನಿಗೆ ಇದು ಬಹಳ ಹಿಡಿಸಿತು. "ಎರಡೂ ಕಡೆ ಕ್ಯಾಂಟಿಲಿವರ್ ಬಿಟ್ಟಿದ್ದಾನೆ, ಕೆಳಗೆ ಆನಿಸುವುದಕ್ಕೆ ಏನೂ ಇಲ್ಲ. ಬೀಳದೆ ಇನ್ನೇನು ಮಾಡುತ್ತದೆ?" ಎಂದು 1200 ವರ್ಷ ಹಿಂದಿನ ಗುತ್ತಿಗೆದಾರನನ್ನು ಬೈಯುತ್ತ, ಮರುಗಳಿಗೆಯಲ್ಲೇ ವರ್ತುಲ ಕೂರಿಸಿದವನನ್ನು ಮೆಚ್ಚುತ್ತ, ಆ ತುಂಡುಗಳ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. ಕಲ್ಲಿನ ಮೇಲಿನ ಹೆಣಿಗೆ, ಉಬ್ಬು ಗುಬುಟು, ಸುರುಳಿ ಸುತ್ತಿದ ಹಾವು ಇವುಗಳ ಕಡೆ ಅವರ ಗಮನ ಹೋದದ್ದು ಆಮೇಲೆಯೇ.

ವರ್ತುಲ ಬಂದ ಮೇಲೂ ಶಿಲುಬೆಯ ಕಷ್ಟ ತೀರಲಿಲ್ಲ. ಶತಮಾನಗಳ ಕಾಲ ಮುರಿದ ತುಂಡುಗಳಾಗಿ ಉಳಿದಿದ್ದ ಅದನ್ನು 1927ರಲ್ಲಿ ಜೋಡಿಸಿ ನಿಲ್ಲಿಸಿದರು. 1951ರ ಬಿರುಗಾಳಿಗೆ ಬಿತ್ತು. ಮತ್ತೆ ನಿಲ್ಲಿಸಿದರು. 1957ರಲ್ಲಿ ಮತ್ತೆ ಬಿತ್ತು. ಆಮೇಲೆಯೇ ಮೂಲವನ್ನು ಒಳಗೆ ಸೇರಿಸಿ ಹೊರಗೆ ಪ್ರತಿಕೃತಿ ನಿಲ್ಲಿಸುವ ತೀರ್ಮಾನ. ವಿಚಿತ್ರವೆಂದರೆ ಈ ದ್ವೀಪಕ್ಕೆ ಕಡಲುಗಳ್ಳರಾದ ವೈಕಿಂಗರು 795ರಿಂದ ಮತ್ತೆ ಮತ್ತೆ ನುಗ್ಗಿದ್ದಾರೆ. 806ರ ಒಂದೇ ದಾಳಿಯಲ್ಲಿ ಮಠದ 68 ಮಂದಿ ಸತ್ತರು. 825ರಲ್ಲಿ ಮಠ ಸ್ಥಾಪಿಸಿದ ಸಂತ ಕೊಲಂಬಾನ ಅವಶೇಷಗಳ ಪೆಟ್ಟಿಗೆ ಎಲ್ಲಿದೆ ಎಂದು ಬಾಯಿ ಬಿಡದ ಬ್ಲಾಥ್‌ಮಾಕ್ ಎಂಬ ಸನ್ಯಾಸಿಯನ್ನು ಕೊಂದರು. ಅಷ್ಟು ರಕ್ತ ಕಂಡ ಜಾಗದಲ್ಲಿ ಈ ಶಿಲುಬೆಯ ನಿಜವಾದ ಶತ್ರು ಕತ್ತಿಯಲ್ಲ, ಗಾಳಿ.

ಅದೇ ಅಂಗಳದಲ್ಲಿ, ಅದೇ ಗಾಳಿಗೆ, ಇನ್ನೊಂದು ಶಿಲುಬೆ ಏನೂ ಆಗದ ಹಾಗೆ ನಿಂತಿದೆ. ಅದು ಸಂತ ಮಾರ್ಟಿನ್ ಹೆಸರಿನದು. ಅದೂ ಎಂಟನೇ ಶತಮಾನದ್ದೇ, ಒಂದೇ ಕಲ್ಲಿನದು, ನಾಲ್ಕು ಮೀಟರಿಗೂ ಹೆಚ್ಚು ಎತ್ತರ. ನಿಲ್ಲಿಸಿದ ಜಾಗದಿಂದ ಕದಲಿಲ್ಲ. ಕಾರಣ ಹುಡುಕಲು ಎಂಜಿನಿಯರೇ ಬೇಕಿಲ್ಲ: ತೋಳುಗಳು ಗಿಡ್ಡ. ತೋಳುಗಳ ತುದಿಯಲ್ಲಿ ಸೀಳುಗಳಿವೆ. ಅಲ್ಲಿಗೆ ಮರವನ್ನೋ ಲೋಹವನ್ನೋ ಸಿಕ್ಕಿಸಿ ತೋಳು ಉದ್ದ ಮಾಡಿದ್ದಿರಬೇಕು. ಸಿಕ್ಕಿಸಿದ್ದು ಹೋಯಿತು, ಕಲ್ಲು ಉಳಿಯಿತು.

ಒಳಗಿನ ಕೋಣೆಯಿಂದ ಮತ್ತೆ ಹೊರಗೆ ಬಂದಾಗ ಮಳೆ ನಿಂತು ಓರೆ ಬಿಸಿಲು ಬಿದ್ದಿತ್ತು. ಕೆತ್ತನೆ ನೋಡುವುದಕ್ಕೆ ಅದೇ ಸರಿಯಾದ ಬೆಳಕು. ಮಟಮಟ ಮಧ್ಯಾಹ್ನ ಬರಿಯ ಬೂದು ಕಲ್ಲಾಗಿ ಕಾಣುವುದು, ಬೆಳಕು ಪಕ್ಕದಿಂದ ಬಂದರೆ ಜೀವ ತಾಳುತ್ತದೆ. ನಡುವಿನ ವೃತ್ತದಲ್ಲಿ ಮಗುವನ್ನು ಎತ್ತಿಕೊಂಡ ಮೇರಿ. ಅವಳ ಕೆಳಗೆ ಸಿಂಹಗಳ ನಡುವೆ ಡ್ಯಾನಿಯೆಲ್. ಮಗನನ್ನು ಬಲಿ ಕೊಡಲು ಕತ್ತಿ ಎತ್ತಿದ ಅಬ್ರಹಾಮ. ಹಾರ್ಪ್ ನುಡಿಸುವ ದಾವೀದ ಮತ್ತು ಅವನೆದುರು ಕೊಳವೆ ವಾದ್ಯ ಊದುವವನು. ಮುಖಗಳೆಲ್ಲ ಸವೆದು ಹೋಗಿವೆ. ಆದರೂ ಕತ್ತಿ ಎತ್ತಿದ ಕೈಯ ಕೋನ, ಊದುವವನು ವಾದ್ಯ ಹಿಡಿದ ಬಗೆ, ಇವು ಮಾಸಿಲ್ಲ. ಮುಖಕ್ಕಿಂತ ಭಂಗಿ ಹೆಚ್ಚು ಕಾಲ ಬಾಳುತ್ತದೆ ಎಂದು ಆ ಕಲ್ಲು ನೋಡಿದ ಮೇಲೆ ನಂಬಿದ್ದೇನೆ.

ಇನ್ನೊಂದು ಮುಖದಲ್ಲಿ ಮನುಷ್ಯರೇ ಇಲ್ಲ. ಉಬ್ಬಿದ ಗುಂಡುಗಳು, ಒಂದೊಂದರಿಂದಲೂ ಹೊರಟು ಇನ್ನೊಂದನ್ನು ಸುತ್ತುವ ಹಾವುಗಳು. "ನಾಗರಕಲ್ಲು!" ಎಂದರು ಅಪ್ಪ, ಊರಿನ ಅರಳಿಕಟ್ಟೆಯನ್ನೇ ಕಂಡವರಂತೆ. ಅದಲ್ಲಪ್ಪ, ಇವರಿಗೆ ಹಾವು ಪೊರೆ ಕಳಚಿ ಹೊಸದಾಗುವ ಪ್ರಾಣಿ, ಅದು ಪುನರುತ್ಥಾನದ ಗುರುತು ಎಂದು ಓದಿದ್ದನ್ನು ಒಪ್ಪಿಸಿದೆ. "ನಮಗೆ ಮಾತ್ರ ಹಾವು ಪೊರೆ ಬಿಡುವುದು ಗೊತ್ತಿಲ್ಲವೇ?" ಎಂದರು. ನಾನು ಸುಮ್ಮನಾದೆ.

ಮಠದಿಂದ ಸ್ಮಶಾನಕ್ಕೆ ಹೋಗುವ ಹಳೆಯ ಹಾಸುಗಲ್ಲಿನ ದಾರಿಗೆ ಇಲ್ಲಿನ ಗೇಲಿಕ್ ಭಾಷೆಯಲ್ಲಿ 'ಸತ್ತವರ ಬೀದಿ' ಎಂದು ಹೆಸರು. ಕಡಲ ಮೇಲೆ ತಂದ ಹೆಣಗಳನ್ನು ದಡದಿಂದ ಈ ದಾರಿಯಲ್ಲಿ ಒಯ್ಯುತ್ತಿದ್ದರು. ಸ್ಮಶಾನದ ಹೆಸರು ರೆಲಿಗ್ ಓರನ್. ನಡುವೆ ಓರನ್ ಹೆಸರಿನ ಪುಟ್ಟ ಪ್ರಾರ್ಥನಾ ಮಂದಿರವಿದೆ. 12ನೇ ಶತಮಾನದ್ದು, ದ್ವೀಪದಲ್ಲಿ ಇಡಿಯಾಗಿ ಉಳಿದಿರುವ ಕಟ್ಟಡಗಳಲ್ಲಿ ಅದೇ ಹಳೆಯದು. ಓರನ್ ಹೆಸರಿನ ಶಿಲುಬೆಯೂ ಒಂದಿತ್ತು. ಇಲ್ಲಿನ ದೊಡ್ಡ ಶಿಲುಬೆಗಳಲ್ಲಿ ಅದೇ ಮೊದಲನೆಯದಿರಬಹುದೆಂದು ಊಹೆ. ಅದರ ತುಂಡುಗಳು ಕೂಡ ಈಗ ಆ ಕಲ್ಲಿನ ಆಸ್ಪತ್ರೆಯಲ್ಲೇ ಇವೆ.

ಓರನ್ ಯಾರು ಎಂದು ಕೇಳಿದರೆ ಜನ ಹೇಳುವ ಕಥೆ ಎದೆ ನಡುಗಿಸುವಂಥದು. ಮಂದಿರದ ಗೋಡೆಯನ್ನು ಹಗಲು ಕಟ್ಟಿದರೆ ರಾತ್ರಿ ಬೀಳುತ್ತಿತ್ತು. ಜೀವಂತ ಮನುಷ್ಯನೊಬ್ಬನನ್ನು ಹೂಳದೆ ಗೋಡೆ ನಿಲ್ಲದು ಎಂದು ತಿಳಿದು, ಓರನ್ ತಾನೇ ಮುಂದೆ ಬಂದ. ಮೂರು ದಿನದ ಮೇಲೆ, ಅವನ ಮುಖ ಒಮ್ಮೆ ನೋಡೋಣ ಎಂದು ಮಣ್ಣು ಸರಿಸಿದರೆ ಅವನು ಕಣ್ಣು ತೆರೆದು, ಸಾವಿನಲ್ಲಿ ಅಂಥ ಅಚ್ಚರಿಯೇನೂ ಇಲ್ಲ, ನರಕ ಎನ್ನುವುದು ನೀವು ಹೇಳುವ ಹಾಗಿಲ್ಲ ಎಂದನಂತೆ. ಇನ್ನೇನಾದರೂ ಹೇಳಿಬಿಟ್ಟಾನೆಂದು ಸಂತ ಕೊಲಂಬಾ ಗಡಿಬಿಡಿಯಿಂದ ಅವನ ಬಾಯಿಗೆ ಮಣ್ಣು ಮುಚ್ಚಿಸಿದ. ನಮ್ಮಲ್ಲಿ ಕೆರೆಯಲ್ಲಿ ನೀರು ನಿಲ್ಲಲಿಲ್ಲವೆಂದು ಸೊಸೆಯನ್ನು ಕೊಟ್ಟರು. ಅವಳಿಗೆ ಮಾತಾಡಲು ಯಾರೂ ಎರಡನೇ ಅವಕಾಶ ಕೊಡಲಿಲ್ಲ. ಓರನ್‌ಗೆ ಅರ್ಧ ನಿಮಿಷವಾದರೂ ಸಿಕ್ಕಿತು.

ಈ ಸ್ಮಶಾನದ ಬಗ್ಗೆ ಪ್ರವಾಸಿಗರಿಗೆ ಹೇಳುವ ಲೆಕ್ಕ ಬಲು ಜೋರು. 1549ರಲ್ಲಿ ಇಲ್ಲಿಗೆ ಬಂದ ಪಾದ್ರಿ ಡೊನಾಲ್ಡ್ ಮನ್ರೊ ಸ್ಕಾಟ್ಲೆಂಡಿನ 48, ನಾರ್ವೆಯ 8, ಐರ್ಲೆಂಡಿನ 4 ರಾಜರು ಇಲ್ಲಿ ಮಲಗಿದ್ದಾರೆ ಎಂದು ಬರೆದಿಟ್ಟ. ಶೇಕ್ಸ್‌ಪಿಯರನ ಪುಣ್ಯದಿಂದ ನಮಗೆಲ್ಲ ಪರಿಚಯವಾದ ಮ್ಯಾಕ್‌ಬೆತ್, ಡಂಕನ್ ಇಬ್ಬರೂ ಆ ಪಟ್ಟಿಯಲ್ಲಿ ಬರುತ್ತಾರೆ. ಕೊಂದವನೂ ಸತ್ತವನೂ ಒಂದೇ ಕಾಂಪೌಂಡಿನೊಳಗೆ. ಇತಿಹಾಸಕಾರರು ಈ ಅರವತ್ತರ ಲೆಕ್ಕವನ್ನು ಅಷ್ಟಾಗಿ ನಂಬುವುದಿಲ್ಲ. ನನಗೂ ಗುಂಡಗಿನ ಸಂಖ್ಯೆ ಕಂಡರೆ ಅನುಮಾನ. ಇದೇ ದ್ವೀಪದಲ್ಲಿ ಒಂದು ಕಾಲಕ್ಕೆ 360 ಶಿಲುಬೆಗಳಿದ್ದವು, ಮತಸುಧಾರಣೆಯ ಕಾಲದಲ್ಲಿ ಅವನ್ನೆಲ್ಲ ಕಡಲಿಗೆ ಎಸೆದರು ಎಂಬ ಮಾತೂ ಇದೆ. ಎಸೆದವರ ರಟ್ಟೆಯ ಕಷ್ಟವನ್ನು ಆ ಲೆಕ್ಕ ಬರೆದವರು ಯೋಚಿಸಲಿಲ್ಲ. 1994ರಲ್ಲಿ ತೀರಿಕೊಂಡ, ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ಜಾನ್ ಸ್ಮಿತ್ ಅವರನ್ನು ಇಲ್ಲಿ ಮಣ್ಣು ಮಾಡಿದರು. ಅದು ಮಾತ್ರ ಅನುಮಾನವಿಲ್ಲದ ಸಮಾಧಿ, ಹುಲ್ಲಿನಲ್ಲಿ ಮಲಗಿದ ಸರಳವಾದ ಒಂದು ಹಾಸುಕಲ್ಲು.

ಆ ರಾತ್ರಿ ದ್ವೀಪದಲ್ಲೇ ಉಳಿದೆವು. ಹಗಲಿನ ಜನವೆಲ್ಲ ಕಡೆಯ ದೋಣಿಗಳಲ್ಲಿ ಹೊರಟುಹೋದ ಮೇಲೆ ಅಲ್ಲಿ ಉಳಿಯುವುದು ಊರಿನ ನೂರಿಪ್ಪತ್ತು, ನೂರೈವತ್ತು ಮಂದಿ, ಕುರಿಗಳು, ಗಾಳಿ. ನಿದ್ದೆ ಬಾರದೆ ನಾನು ಮತ್ತೆ ಮತ್ತೆ ಯೋಚಿಸಿದ್ದು ಬೆಳಗಿನ ನನ್ನ ಸಿಟ್ಟಿನ ಬಗ್ಗೆಯೇ. ಪ್ರತಿಕೃತಿ ಎಂದೊಡನೆ ನನಗೆ ಮೋಸ ಹೋದ ಭಾವ ಏಕೆ ಬಂತು? ಅದೂ ಈ ದ್ವೀಪದಲ್ಲಿ, ಪ್ರತಿ ತೆಗೆದ ತಪ್ಪಿಗೇ ಶುರುವಾದ ಜಾಗದಲ್ಲಿ?

ಅದು ಹೀಗೆ. ಆರನೇ ಶತಮಾನದಲ್ಲಿ ಐರ್ಲೆಂಡಿನ ರಾಜವಂಶದಲ್ಲಿ ಹುಟ್ಟಿದ ಸನ್ಯಾಸಿ ಕೊಲಂಬಾ ತನ್ನ ಗುರು ಫಿನ್ನಿಯನ್ ಬಳಿಯಿದ್ದ ಕೀರ್ತನೆಗಳ ಪುಸ್ತಕವನ್ನು ರಾತ್ರಿ ಹೊತ್ತು ಕದ್ದು ನಕಲು ಮಾಡಿಕೊಂಡನಂತೆ. ಗುರು ಆ ನಕಲು ತನಗೆ ಸೇರಬೇಕೆಂದ, ಶಿಷ್ಯ ಕೊಡೆನೆಂದ. ವ್ಯಾಜ್ಯ ದೊರೆ ಡಿಯರ್ಮಿಡ್ ಮುಂದೆ ಹೋಯಿತು. ದೊರೆ, ಹಸುವಿಗೆ ಅದರ ಕರು ಸೇರುವಂತೆ ಪುಸ್ತಕಕ್ಕೆ ಅದರ ಪ್ರತಿ ಸೇರತಕ್ಕದ್ದು ಎಂದು ತೀರ್ಪು ಕೊಟ್ಟ. ಕೊಲಂಬಾ ಒಪ್ಪಲಿಲ್ಲ. 561ರಲ್ಲಿ ಕೂಲ್ ಡ್ರೆವ್ನೆ ಎಂಬಲ್ಲಿ ಯುದ್ಧವೇ ಆಯಿತು. ಅಷ್ಟು ಜನರ ಸಾವಿನ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಅವನು ದೇಶ ಬಿಟ್ಟು, ಹನ್ನೆರಡು ಮಂದಿಯೊಡನೆ 563ರಲ್ಲಿ ಅಯೋನಾಕ್ಕೆ ಬಂದ. ಯುದ್ಧ ನಡೆದದ್ದು, ದ್ವೀಪಕ್ಕೆ ಬಂದದ್ದು ಇತಿಹಾಸ. ನಕಲಿನ ಜಗಳ ಆಮೇಲಿನವರು ಹೇಳಿದ ಕಥೆ. ಆದರೆ ಅವನು ಬರೆದದ್ದೆಂದು ನಂಬಲಾದ ಕೀರ್ತನೆಗಳ ಒಂದು ಹಸ್ತಪ್ರತಿ ಇಂದಿಗೂ ಡಬ್ಲಿನ್ನಿನಲ್ಲಿ, ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ.

ದ್ವೀಪದ ಹೆಸರೂ ನಕಲಿನಲ್ಲಿ ನುಸುಳಿದ ತಪ್ಪೇ. ಕೊಲಂಬಾನ ಚರಿತ್ರೆಯನ್ನು ಬರೆದ ಮಠಾಧಿಪತಿ ಆಡಮ್ನಾನ್ ಸುಮಾರು 700ರ ಹೊತ್ತಿಗೆ ಲ್ಯಾಟಿನ್ನಿನಲ್ಲಿ ಅದನ್ನು 'ಇಓವಾ' ದ್ವೀಪ ಎಂದಿದ್ದ. ಹಳೆಯ ಕೈಬರಹದಲ್ಲಿ ಆ ನಡುವಿನ ಅಕ್ಷರ ನಕಾರದಂತೆಯೇ ಕಾಣುತ್ತದೆ. ಯಾರೋ ಪ್ರತಿಕಾರನ ಕಣ್ಣು ತಪ್ಪಿ ಅದು 'ಇಓನಾ' ಆಯಿತು. ತಮಾಷೆಯೆಂದರೆ ಹೀಬ್ರೂ ಭಾಷೆಯಲ್ಲಿ ಆ ಪದಕ್ಕೆ ಪಾರಿವಾಳ ಎಂದರ್ಥ, ಲ್ಯಾಟಿನ್ನಿನಲ್ಲಿ 'ಕೊಲಂಬಾ' ಎಂದರೂ ಪಾರಿವಾಳವೇ. ತಪ್ಪು ಎಷ್ಟು ಚೆನ್ನಾಗಿ ಕೂತುಬಿಟ್ಟಿತೆಂದರೆ ತಿದ್ದುವ ಮನಸ್ಸು ಯಾರಿಗೂ ಬರಲಿಲ್ಲ. ನಮ್ಮ ಹಳೆಯ ಓಲೆಗರಿಗಳನ್ನು ಓದುವವರಿಗೆ ಪಕಾರ ವಕಾರಗಳ ಈ ಚೆಲ್ಲಾಟ ಹೊಸದೇನಲ್ಲ.

ಆಡಮ್ನಾನ್ ಹೇಳುವ ಕೊಲಂಬಾನ ಕಡೆಯ ದಿನವನ್ನು ನಾನು ಎಷ್ಟು ಸಲ ಓದಿದರೂ ಬೇಸರವಾಗುವುದಿಲ್ಲ. 597ರ ಜೂನ್. ಮುದುಕನಾಗಿದ್ದ ಸಂತ ಕಣಜವನ್ನು ನೋಡಿಕೊಂಡು ಹಿಂದಿರುಗುವಾಗ ದಣಿದು ದಾರಿಯಂಚಿನಲ್ಲಿ ಕೂರುತ್ತಾನೆ. ಮಠಕ್ಕೆ ಹಾಲಿನ ಪಾತ್ರೆ ಹೊರುತ್ತಿದ್ದ ಬಿಳಿಯ ಕುದುರೆ ಬಂದು ಅವನ ಎದೆಗೆ ತಲೆಯಿಟ್ಟು ಅಳುತ್ತದೆ. ಜೊತೆಯವನು ಅದನ್ನು ಅಟ್ಟಲು ಹೋದರೆ, ಬಿಡು, ನಿನಗೆ ತಿಳಿಯದ್ದು ಅದಕ್ಕೆ ತಿಳಿದಿದೆ ಎನ್ನುವ ಅರ್ಥದ ಮಾತು ಹೇಳುತ್ತಾನೆ. ಅವನು ಕೂತ ಆ ಜಾಗದಲ್ಲಿ ಆಮೇಲೆ ಬೀಸುವ ಕಲ್ಲೊಂದರಲ್ಲಿ ಶಿಲುಬೆ ನೆಟ್ಟರು, ಅದು ಇಂದಿಗೂ ದಾರಿಯ ಬದಿಯಲ್ಲಿದೆ ಎಂದು ಆಡಮ್ನಾನ್ ಸೇರಿಸುತ್ತಾನೆ. ಅವನ 'ಇಂದಿಗೂ' ಮುಗಿದು 1300 ವರ್ಷವಾಯಿತು. ಆದರೆ ಈ ದ್ವೀಪದಲ್ಲಿ ಶಿಲುಬೆ ಏಕೆ ನೆಡುತ್ತಿದ್ದರು ಎನ್ನುವುದು ಆ ಒಂದು ಸಾಲಿನಲ್ಲಿದೆ. ಇಂಥವನು ಇಲ್ಲಿ ಕೂತಿದ್ದ, ಇಂಥವನು ಇಲ್ಲಿ ಕುಸಿದು ಬಿದ್ದ. ಜಾಗ ಮರೆತುಹೋಗಬಾರದು, ಅಷ್ಟೆ.

ಕುದುರೆಯನ್ನು ಹರಸಿ ಸಂತ ತನ್ನ ಗುಡಿಸಲಿಗೆ ಹೋಗಿ ಕೀರ್ತನೆಗಳನ್ನು ನಕಲು ಮಾಡಲು ಕೂರುತ್ತಾನೆ. ಹೌದು, ಕಡೆಯ ದಿನವೂ ನಕಲು. ದೇವರನ್ನು ಅರಸುವವರಿಗೆ ಒಳಿತಿನ ಕೊರತೆಯಾಗದು ಎನ್ನುವ ಸಾಲಿಗೆ ಬಂದು, ಪುಟದ ಕೊನೆಯಲ್ಲಿ ಲೇಖನಿ ಇಟ್ಟು, ಮುಂದಿನದನ್ನು ಶಿಷ್ಯ ಬೈಥೀನ್ ಬರೆಯಲಿ ಎನ್ನುತ್ತಾನೆ. ಅದೇ ರಾತ್ರಿ ತೀರಿಕೊಳ್ಳುತ್ತಾನೆ. ಮಠದ ಎದುರಿನ ಗುಡ್ಡದಲ್ಲಿ ಅವನ ಗುಡಿಸಲಿತ್ತು ಎಂದು ಜನ ತೋರಿಸುತ್ತಿದ್ದ ಜಾಗವನ್ನು 1957ರಲ್ಲಿ ಅಗೆದಾಗ ಸಿಕ್ಕಿದ ಇದ್ದಿಲನ್ನು ಅರವತ್ತು ವರ್ಷ ಬಿಟ್ಟು ಪರೀಕ್ಷೆಗೆ ಒಡ್ಡಿದರು. ಅದು 540ರಿಂದ 650ರ ನಡುವಿನದೆಂದು 2017ರಲ್ಲಿ ಗೊತ್ತಾಯಿತು. ಇದ್ದಿಲು ಅವನ ಒಲೆಯದೆಂದು ಯಾರೂ ಆಣೆ ಮಾಡುವುದಿಲ್ಲ. ಆದರೆ ಜನರ ಬಾಯಿಮಾತು ಜಾಗದ ವಿಷಯದಲ್ಲಿ ಸುಳ್ಳಾಡಿರಲಿಲ್ಲ.

ಬೆಳಿಗ್ಗೆ ತಿಂಡಿಗೆ ಕೂತಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಬ್ರೆಡ್ಡಿಗೆ ಊರಿನಿಂದ ತಂದ ಚಟ್ನಿಪುಡಿ ಉದುರಿಸಿಕೊಳ್ಳುತ್ತ ಕೇಳಿ, "ಹಲ್ಮಿಡಿಯದ್ದೂ ಅದೇ ಕಥೆಯಲ್ಲವೇ" ಎಂದರು. ನನಗೆ ತಟ್ಟನೆ ಹೊಳೆದಿರಲಿಲ್ಲ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಕಂಡ, ಸುಮಾರು 450ರ ಕಾಲದ್ದೆಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಹದಿನಾರು ಸಾಲಿನ ಕನ್ನಡ ಶಾಸನ. ಮೂಲ ಕಲ್ಲು ಮೈಸೂರಿಗೆ ಹೋಯಿತು. ಊರಿನಲ್ಲಿ ಮಂಟಪ ಕಟ್ಟಿ ಪ್ರತಿಕೃತಿ ನಿಲ್ಲಿಸಿದ್ದಾರೆ. ನಾನು ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಮೈಸೂರಿನಲ್ಲಿ ಮೂಲ ನೋಡಿದ್ದೇನೆ. ಬಹಳ ವರ್ಷದ ಮೇಲೆ ಊರಿನಲ್ಲಿ ಪ್ರತಿಕೃತಿಯನ್ನೂ ನೋಡಿದ್ದೇನೆ. ನಿಜ ಹೇಳುವುದಾದರೆ ಮೈಸೂರಿನ ಕಲ್ಲಿನ ಎದುರು ಗೌರವ ಹುಟ್ಟಿತು, ಹಲ್ಮಿಡಿಯಲ್ಲಿ ಗಂಟಲು ಕಟ್ಟಿತು. ಅಲ್ಲಿ ಎದುರಿಗೆ ಹೊಲವಿತ್ತು, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು, "ಇದೇ ನೋಡಿ ನಮ್ಮ ಕಲ್ಲು" ಎಂದಿದ್ದ. ಅದು ಕಲ್ಲೇ ಅಲ್ಲ ಎಂದು ಅವನಿಗೂ ಗೊತ್ತಿತ್ತು.

ಅಯೋನಾದ ಕಾಂಕ್ರೀಟ್ ಶಿಲುಬೆಯ ವಿಷಯದಲ್ಲೂ ಇಂಥದೇ ಸಂಗತಿಯನ್ನು ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಸ್ಯಾಲಿ ಫಾಸ್ಟರ್ ಮತ್ತು ಶಾನ್ ಜೋನ್ಸ್ ಕೂಲಂಕಷವಾಗಿ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ್ದಾರೆ. ದ್ವೀಪದವರನ್ನೂ ಬಂದು ಹೋಗುವವರನ್ನೂ ಮಾತಾಡಿಸಿ ಅವರು ಹೇಳುವುದು ಇಷ್ಟು: ಪ್ರತಿಕೃತಿಗೂ ತನ್ನದೇ ಬದುಕು ಇದೆ, ಅದನ್ನು ಮೂಲದ ನೆರಳು ಎಂದು ತಳ್ಳಿಹಾಕುವಂತಿಲ್ಲ. ಅದನ್ನು ರೂಪಿಸಿದವರ ಕುಶಲತೆ, ತಂದು ನಿಲ್ಲಿಸಿದವರ ಶ್ರಮ, ಅದರ ಬುಡದಲ್ಲಿ ಕಳೆದ ಸಂಜೆಗಳು ಎಲ್ಲ ಸೇರಿ ಅದೇ ಒಂದು ಸ್ಮಾರಕವಾಗಿದೆ. ನನಗೆ ಈ ವಾದ ಪೂರ್ತಿ ಒಪ್ಪಿಗೆಯೇ ಎಂದರೆ, ಇಲ್ಲ. ಪ್ರತಿಕೃತಿ ಇದೆಯಲ್ಲ ಎಂದು ಮೂಲವನ್ನು ಎಲ್ಲೋ ಕತ್ತಲೆ ಕೋಣೆಗೆ ತಳ್ಳಿ ಕೈ ತೊಳೆದುಕೊಳ್ಳುವ ಆಡಳಿತಗಳು ಎಲ್ಲ ದೇಶಗಳಲ್ಲೂ ಇವೆ. ಅಯೋನಾದಲ್ಲಿ ಹಾಗಾಗಿಲ್ಲ. ಕೊಲಂಬಾ ಬಂದ 1450ನೇ ವರ್ಷವೆಂದು 2013ರಲ್ಲಿ ಸಂಗ್ರಹಾಲಯವನ್ನು ಹೊಸದಾಗಿ ಸಜ್ಜುಗೊಳಿಸಿ, ಮುರಿದ ಶಿಲುಬೆಗಳನ್ನು ಎದ್ದು ನಿಂತ ಭಂಗಿಯಲ್ಲೇ ಇಟ್ಟರು. ಆದರೂ ಅಲ್ಲಿ ಮಾಡು ಇದೆ, ದೀಪವಿದೆ, ಗಾಳಿಯಿಲ್ಲ.

ಹೊರಗಿನದಕ್ಕೆ ನೆರಳಿದೆ. ಇದನ್ನು ಹೊರಡುವ ದಿನ ನೋಡಿದೆವು. ಮಠದ ದೊಡ್ಡ ಚರ್ಚಿನ ಮಗ್ಗುಲಿಗೆ ಅಂಟಿಕೊಂಡ ಪುಟ್ಟ ಕೋಣೆಯಂಥ ಮಂದಿರ ಕೊಲಂಬಾನ ಅವಶೇಷಗಳಿದ್ದ ಜಾಗ ಎಂದು ಪ್ರತೀತಿ. ಸಂತ ಜಾನನ ಶಿಲುಬೆಯನ್ನು ನಿಲ್ಲಿಸಿದ್ದು ಅದರ ಮುಂದೆಯೇ. ಹೊತ್ತು ಪಶ್ಚಿಮಕ್ಕೆ ವಾಲಿದಾಗ ಶಿಲುಬೆಯ ನೆರಳು ಹುಲ್ಲಿನ ಮೇಲೆ ಹರಿದು ಆ ಮಂದಿರದ ಗೋಡೆಯನ್ನು ಹತ್ತುತ್ತದೆ. ಎಂಟನೇ ಶತಮಾನದವರೂ ಇದನ್ನು ಕಂಡಿರಬೇಕು. ಒಳಗಿರುವ ನಿಜವಾದ ಕಲ್ಲಿಗೆ ಇದು ಸಾಧ್ಯವಿಲ್ಲ. ಮುರಿದ ಕಾಲಿನ ಅಜ್ಜ ಒಳಗೆ ಮಂಚ ಹಿಡಿದಿದ್ದಾನೆ, ಮೊಮ್ಮಗ ಹೊರಗೆ ಅಂಗಳದ ಕೆಲಸ ನೋಡಿಕೊಳ್ಳುತ್ತಿದ್ದಾನೆ.

ಅಪ್ಪ ಮತ್ತೆ ಬುಡದ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದರು. ಐವತ್ತು ವರ್ಷದಲ್ಲಿ ಅದರ ಮೈಗೂ ಕಲ್ಲುಹೂವು ಹಬ್ಬಿ, ದೂರದಿಂದ ನೋಡಿದವರಿಗೆ ವಯಸ್ಸು ಗೊತ್ತಾಗದಂತೆ ಮಾಡಿದೆ. ಅವರು ಬೆರಳಿನಿಂದ ಒಂದು ಹಾವಿನ ಸುರುಳಿಯನ್ನು ಬಾಲದಿಂದ ತಲೆಯವರೆಗೆ ಹಿಂಬಾಲಿಸಿದರು. ಮಗುವೊಂದು ಸ್ಲೇಟಿನ ಮೇಲೆ ಅಕ್ಷರ ತೀಡುವ ಹಾಗೆ, ಅವಸರವಿಲ್ಲದೆ.

"ಕಡಲ ಗಾಳಿ, ಉಪ್ಪು. ಎಂಥ ಕಾಂಕ್ರೀಟಾದರೂ ಒಂದು ದಿನ ಬಾಯಿ ಬಿಡುತ್ತದೆ" ಎಂದರು ಎದ್ದು ನಿಂತು, ಮಂಡಿ ನೀವಿಕೊಳ್ಳುತ್ತ.

"ಆಗ ಇನ್ನೊಂದು ಮಾಡುತ್ತಾರೆ ಬಿಡಿ" ಎಂದೆ.

ದೋಣಿಕಟ್ಟೆಯವರೆಗೆ ಅವರು ಏನೂ ಮಾತಾಡಲಿಲ್ಲ. ಎದುರು ದಡದಲ್ಲಿ ಮಲ್ ದ್ವೀಪದ ಕೆಂಪು ಬಂಡೆಗಳು ಸಂಜೆ ಬಿಸಿಲಿಗೆ ಇಟ್ಟಿಗೆಯಂತೆ ಕಾಣುತ್ತಿದ್ದವು. ದೋಣಿ ಬಂದು, ಅದರ ಕಬ್ಬಿಣದ ಹಲಗೆ ಕಿರ್ರೆಂದು ಕಟ್ಟೆಯ ಮೇಲೆ ಇಳಿಯಿತು. ಕೈಚೀಲ ಎತ್ತಿಕೊಳ್ಳುತ್ತ ಅಪ್ಪ ಕೇಳಿದರು:

"ಅಲ್ಲಮ್ಮ, ಆ ಅಚ್ಚು ಎಲ್ಲಿಟ್ಟಿದ್ದಾರಂತೆ?"